ಸುಮೇರಿಯಾ ಮಾಸ್ತರರ ಮಣ್ಣೆತ್ತು

ನಾನು ನಿಂತಿದ್ದದ್ದು ನೆಲ್ಸನ್ನಿನ ಟಾಹುನಾನುಯಿ ಕಡಲತೀರದಲ್ಲಿ, ಒಣ ಮರಳು ಮುಗಿದು ಒದ್ದೆ ಮರಳು ಶುರುವಾಗುವ ಗೆರೆಯ ಮೇಲೆ. ಎರಡು ಸಾವಿರದ ಆರನೆಯ ಇಸವಿ, ಜೂನ್ ತಿಂಗಳ ಕೊನೆಯ ಸೋಮವಾರ, ಮಣ್ಣೆತ್ತಿನ ಅಮಾವಾಸ್ಯೆಯ ಮರುದಿನ, ಶಾಲೆ ಬಿಟ್ಟ ಮೇಲೆ. ನನ್ನ ಎಡಗೈಯಲ್ಲಿ ಅಪ್ಪನ ಚಪ್ಪಲಿಗಳಿದ್ದವು. ಬಲಗೈಯಲ್ಲಿ ಎರಡು ಲೀಟರಿನ ಐಸ್‌ಕ್ರೀಮ್ ಡಬ್ಬಿಯ ಮುಚ್ಚಳವಿತ್ತು. ಡಬ್ಬಿ ಅಪ್ಪನ ಹತ್ತಿರ ಇತ್ತು. ಅವನು ಧೋತರವನ್ನು ಮೊಣಕಾಲಿಗೆ ಎತ್ತಿ ಕಟ್ಟಿ, ಮೇಲೆ ನನ್ನ ಹಳೆಯ ರೇನ್‌ಕೋಟು ತೊಟ್ಟು, ಸಮುದ್ರದ ಬೆನ್ನು ಹತ್ತಿ ಹೊರಟಿದ್ದ. ಬೆನ್ನು ಹತ್ತಿ ಎಂದು ಬೇಕೆಂದೇ ಬರೆದಿದ್ದೇನೆ. ಸಮುದ್ರ ಅವನಿಂದ ದೂರ ಹೋಗುತ್ತಿತ್ತು.

ಇದು ಈಗ ಯಾಕೆ ನೆನಪಾಯಿತೆಂದರೆ, ನಮ್ಮ ಅಡುಗೆಮನೆಯ ಕಿಟಕಿಯಲ್ಲಿ ಪಾತ್ರೆ ತಿಕ್ಕುವ ಸ್ಪಂಜು ಇಡಲು ಒಂದು ಸುಟ್ಟ ಮಣ್ಣಿನ ಬಿಲ್ಲೆ ಇದೆ. ಅಂಗೈಯಗಲ, ರೊಟ್ಟಿಗಿಂತ ದಪ್ಪ, ಇಟ್ಟಿಗೆಗಿಂತ ತೆಳು. ಮೇಲೆ ಬೆಣೆ ಹೊಡೆದಂಥ ಗೀರುಗಳು. ಮನೆಗೆ ಬಂದವರು ಅದನ್ನು ಎಲ್ಲೋ ಕೊಂಡ ಸೋಪಿನ ತಟ್ಟೆ ಎಂದುಕೊಳ್ಳುತ್ತಾರೆ, ನಾವೂ ತಿದ್ದಲು ಹೋಗುವುದಿಲ್ಲ. ಕಳೆದ ವಾರ ಗಾಳಿಗೆ ಕಿಟಕಿಯ ಬಾಗಿಲು ಬಡಿದು ಅದು ಸಿಂಕಿಗೆ ಬಿತ್ತು. ಒಡೆಯಲಿಲ್ಲ. ಸಾಬೂನು ತೊಳೆದು ಬೆಳಕಿಗೆ ಹಿಡಿದಾಗ ಅಂಚಿನಲ್ಲಿ ಒಂದು ಬೆರಳಿನ ಗುರುತು ಕಂಡಿತು. ಅದು ಅಲ್ಲಿದೆ ಎಂಬುದು ನನಗೆ ಮೊದಲೇ ಗೊತ್ತಿತ್ತು. ಆದರೂ ನಲ್ಲಿ ನಿಲ್ಲಿಸುವುದು ನೆನಪಾಗಲು ಸ್ವಲ್ಪ ಹೊತ್ತು ಹಿಡಿಯಿತು.

ನನ್ನ ಅಪ್ಪ ಸಿಂದಗಿಯ ಕಡೆಯ ಒಂದು ಊರಿನ ಹೈಸ್ಕೂಲಿನಲ್ಲಿ ಇತಿಹಾಸದ ಮಾಸ್ತರನಾಗಿದ್ದ. ಊರಿನವರು ಅವನಿಗೆ ಇಟ್ಟ ಹೆಸರು ಸುಮೇರಿಯಾ ಮಾಸ್ತರ. ಎಂಟನೆಯ ಇಯತ್ತೆಯ ಪುಸ್ತಕ ಪ್ರಾಚೀನ ನಾಗರಿಕತೆಗಳಿಂದ ಶುರುವಾಗುತ್ತಿತ್ತು. ಅದರಲ್ಲಿ ಸುಮೇರಿಯಾಕ್ಕೆ ಕೊಟ್ಟದ್ದು ನಾಲ್ಕೈದು ಪುಟ. ಅಪ್ಪನ ಬಾಯಿಗೆ ಬಿದ್ದ ಮೇಲೆ ಆ ನಾಲ್ಕೈದು ಪುಟ ದೀಪಾವಳಿ ದಾಟುತ್ತಿತ್ತು. ಉರುಕ್, ಲಗಾಶ್, ಉಮ್ಮಾ, ಕಿಶ್ ಎಂದು ನಾವು ಮಗ್ಗಿ ಒಪ್ಪಿಸಿದಂತೆ ಒಪ್ಪಿಸುತ್ತಿದ್ದೆವು. ಒಂದು ಸಲ ಹೆಡ್‌ಮಾಸ್ತರರು ತರಗತಿಯ ಬಾಗಿಲಿಗೆ ಬಂದು ನಿಂತು ಕೇಳಿದ್ದನ್ನು ನಾನೇ ಎರಡನೆಯ ಬೆಂಚಿನಲ್ಲಿ ಕೂತು ಕೇಳಿದ್ದೇನೆ.

"ಮಾಸ್ತರ, ಡಿಸೆಂಬರ್ ಬಂತು. ವಿಜಯನಗರ ಯಾವಾಗ ಬರ್ತದ?"

"ಬರ್ತದ ತಗೋರಿ ಸರ. ಇನ್ನಾ ಗಾಲಿ ಕಂಡುಹಿಡಿಯೂದದ."

ನಮ್ಮೂರಿನ ಒಂದು ತಲೆಮಾರಿಗೆ ವಿಜಯನಗರವನ್ನು ಯಾರು ಕಟ್ಟಿದರು ಎಂದು ಕೇಳಿದರೆ ಈಗಲೂ ಸ್ವಲ್ಪ ಯೋಚಿಸುತ್ತಾರೆ. ಆದರೆ ಲಗಾಶ್ ಮತ್ತು ಉಮ್ಮಾ ಎಂಬ ಎರಡು ನಗರಗಳು ಒಂದು ಹೊಲಕ್ಕೂ ಒಂದು ಕಾಲುವೆಗೂ ತಲೆಮಾರುಗಟ್ಟಲೆ ಬಡಿದಾಡಿದ್ದು ಎಲ್ಲರಿಗೂ ಗೊತ್ತು. ಆ ಪಾಠದ ದಿನ ಹಿಂದಿನ ಬೆಂಚಿನ ಇಬ್ಬರು ದಾಯಾದಿಗಳು ತಲೆ ತಗ್ಗಿಸಿ ಕೂರುತ್ತಿದ್ದರು, ಯಾಕೆಂದರೆ ಅವರ ಹೊಲದ ಬದುವಿನ ಕಲ್ಲಿಗೆ ಕಾಲು ಬಂದಿರುವ ಸಂಗತಿ ಊರಿಗೆಲ್ಲ ತಿಳಿದಿತ್ತು. ಪ್ರತಿ ನಗರಕ್ಕೂ ಒಬ್ಬ ದೇವರು, ಊರು ಹೊಲ ದನ ಎಲ್ಲವೂ ಆ ದೇವರ ಆಸ್ತಿ, ರಾಜ ಬರೀ ಅದನ್ನು ನೋಡಿಕೊಳ್ಳುವವನು ಎಂದಾಗ ನಮಗೇನೂ ಆಶ್ಚರ್ಯವಾಗಲಿಲ್ಲ. ಆ ಕಾಲದ ಸಾಲಿಗಳಲ್ಲೂ ಮಾಸ್ತರು ಹೊಡೆಯುತ್ತಿದ್ದರು ಎಂದು ಹೇಳಿ ಅಪ್ಪ ತನ್ನ ರೂಲುಗಟ್ಟಿಗೆಗೂ ಒಂದು ಪರಂಪರೆ ಹುಡುಕಿಕೊಂಡಿದ್ದ. ಸಾರ್ಗೋನನ ತಾಯಿ ಅವನನ್ನು ಜೊಂಡಿನ ಬುಟ್ಟಿಯಲ್ಲಿಟ್ಟು ಹೊಳೆಗೆ ಬಿಟ್ಟಳು ಎಂಬಲ್ಲಿಗೆ ಬಂದಾಗ ಹುಡುಗಿಯರ ಸಾಲಿನಿಂದ "ಕರ್ಣನಂಗ ಅಲ್ರೀ ಸರ?" ಎಂಬ ಧ್ವನಿ ಪ್ರತಿ ವರ್ಷ ತಪ್ಪದೆ ಬರುತ್ತಿತ್ತು. ಬುಟ್ಟಿಯ ಕೂಸು ದೊಡ್ಡದಾಗಿ ಆ ನಗರಗಳನ್ನೆಲ್ಲ ಗೆದ್ದು, ಒಂದೇ ಹೆಸರಿನ ಕೆಳಗೆ ತಂದು, ಅಕ್ಕಾಡ್ ಎಂಬ ಸಾಮ್ರಾಜ್ಯ ಕಟ್ಟುತ್ತಿತ್ತು. ಆಮೇಲೆ ಒಂದು ದಿನ ಅಕ್ಕಾಡ್ ಬೀಳುತ್ತಿತ್ತು. ಆವತ್ತು ಅಪ್ಪ ಮನೆಗೆ ಬಂದು ಚಹಾ ಬೇಡ ಎನ್ನುತ್ತಿದ್ದ. ಅವ್ವ ಒಲೆಯ ಮುಂದಿನಿಂದ ತಿರುಗಿಯೂ ನೋಡದೆ ಕೇಳುತ್ತಿದ್ದಳು.

"ಇವತ್ತ ಯಾವ ರಾಜಾ ಸತ್ತ?"

ಅಪ್ಪನ ಪಾಠಕ್ಕೆ ಮಣ್ಣು ಬೇಕಿತ್ತು. ಜೂನಿನಲ್ಲಿ ಸಾಲಿ ತೆರೆದು ಮೊದಲ ಮಳೆ ಬಿದ್ದೊಡನೆ ನಮ್ಮನ್ನು ಹಳ್ಳದ ದಂಡೆಗೆ ಕಳಿಸಿ ಎರಿಮಣ್ಣು ತರಿಸುತ್ತಿದ್ದ. ಅದನ್ನು ತುಳಿದು ಹದ ಮಾಡಿ, ಅಂಗೈಯಗಲ ಬಿಲ್ಲೆ ತಟ್ಟಿ, ಸೀಳಿದ ಜೋಳದ ದಂಟಿನಿಂದ ಒತ್ತಿ ಗೀರು ಮೂಡಿಸಬೇಕು. ಮಾಸ್ತರ ಒಂದೊಂದನ್ನೇ ಬೆಳಕಿಗೆ ಹಿಡಿದು ನೋಡಿ, ಬಕೆಟ್ಟಿನ ನೀರಿಗೆ ಹಾಕುತ್ತಿದ್ದ. ನಮ್ಮ ಕಣ್ಣೆದುರೇ ಅದು ಕರಗಿ ರಾಡಿಯಾಗುತ್ತಿತ್ತು. ಸುಮೇರಿಯಾದ ಮಕ್ಕಳೂ ಹೀಗೇ ಬರೆದು, ಕರಗಿಸಿ, ಅದೇ ಮಣ್ಣಿನಲ್ಲಿ ಮರುದಿನದ ಪಾಠ ಬರೆಯುತ್ತಿದ್ದರಂತೆ. ಅಕಸ್ಮಾತ್ ಉಳಿದ ಬಿಲ್ಲೆಗಳ ಮೇಲೆ ಬರೆದವರ ಬೆರಳಿನ ಗುರುತು ಇವತ್ತಿಗೂ ಕಾಣುತ್ತದಂತೆ. "ಅಕ್ಷರ ತಿಳೀಲಿಲ್ಲಂದ್ರ ಬೆರಳ ಓದ್ರಿ" ಎನ್ನುತ್ತಿದ್ದ.

ಅದೇ ದಿನಗಳಲ್ಲಿ ನಮ್ಮ ಮನೆಯಲ್ಲಿ ಇನ್ನೊಂದು ಮಣ್ಣಿನ ಕೆಲಸ ನಡೆಯುತ್ತಿತ್ತು. ಅದರ ಯಜಮಾನಿಕೆ ಅವ್ವನದು. ನಮ್ಮ ಕಡೆಯವರಿಗೆ ವಿವರಿಸಬೇಕಿಲ್ಲ, ಉಳಿದವರಿಗಾಗಿ ಹೇಳುತ್ತೇನೆ. ಮುಂಗಾರಿನಲ್ಲಿ ನಮ್ಮಲ್ಲಿ ಮಣ್ಣಿನ ದೇವರುಗಳ ಸರದಿಯೇ ಇದೆ: ಮೊದಲು ಮಣ್ಣೆತ್ತು, ಆಮೇಲೆ ಗುಳ್ಳವ್ವ, ನಾಗಪ್ಪ, ಗಣಪ್ಪ, ಜೋಕುಮಾರ. ಬರುತ್ತಾರೆ, ಉಣ್ಣುತ್ತಾರೆ, ಮಣ್ಣಿಗೆ ಹೋಗುತ್ತಾರೆ. ಮಣ್ಣೆತ್ತಿನ ಅಮಾವಾಸ್ಯೆಗೆ ಒಂದು ಜೋಡಿ ಎತ್ತು ಮಾಡಿ, ಜೋಳದ ಕಾಳಿನ ಕಣ್ಣಿಟ್ಟು, ಕಡಬಿನ ಎಡೆ ಹಿಡಿದು, ಮರುದಿನ ಹಳ್ಳಕ್ಕೆ ಬಿಡುವುದು ನಮ್ಮ ಮನೆಯ ಪದ್ಧತಿ. ಅವ್ವ ಎತ್ತು ಮಾಡುವಾಗ ನಾನು ಎದುರಿಗೆ ಕುಕ್ಕರಗಾಲಿನಲ್ಲಿ ಕೂತಿರುತ್ತಿದ್ದೆ. ಅಪ್ಪ ಪೇಪರು ಹಿಡಿದು ಕಟ್ಟೆಯ ಮೇಲಿರುತ್ತಿದ್ದ. ಅವನದೊಂದು ಸಿದ್ಧಾಂತವಿತ್ತು. ಬರವಣಿಗೆ ಹುಟ್ಟುವ ಮೊದಲು ಜನ ದನ ಕುರಿಗಳನ್ನು ಎಣಿಸಲು ಮಣ್ಣಿನ ಸಣ್ಣ ಗೊಂಬೆ, ಗುಂಡು ಮಾಡಿ ಇಟ್ಟುಕೊಳ್ಳುತ್ತಿದ್ದರು. ಬರಬರುತ್ತ ಗೊಂಬೆಯ ಬದಲು ಅದರ ಚಿತ್ರ ಬಂತು, ಚಿತ್ರ ಸವೆದು ಅಕ್ಷರವಾಯಿತು. ಆದ್ದರಿಂದ ಅಕ್ಷರಕ್ಕೆ ತಾಯಿ ಯಾರೆಂದರೆ ಮಣ್ಣೆತ್ತು.

"ಹಂಗಾದ್ರ ನಾ ಸಾಲಿಗೆ ಹೋಗಲಿಲ್ಲ ಅನ್ನೂದ ಬಿಡ್ರಿ," ಅವ್ವ ಕೊಂಬು ತಿದ್ದುತ್ತ ಹೇಳುತ್ತಿದ್ದಳು. "ಸಾಲೀನ ನನ್ನ ಕೈಯಾಗಿಂದ ಎದ್ದ ಹೋಗ್ಯಾದ."

ಅವ್ವನ ಎತ್ತಿಗೆ ಒಂದು ಗುರುತಿತ್ತು. ಎಲ್ಲ ಮುಗಿದ ಮೇಲೆ ಕೊರಳಿಗೂ ಇಣಿಗೂ, ಅಂದರೆ ಬೆನ್ನ ಮೇಲಿನ ಡುಬ್ಬಕ್ಕೂ, ನಡುವೆ ಹೆಬ್ಬೆರಳಿನಿಂದ ಒಮ್ಮೆ ಒತ್ತುತ್ತಿದ್ದಳು. ನೊಗ ಕೂರಲು ಜಾಗ ಬೇಕಲ್ಲ ಎನ್ನುವುದು ಅವಳ ಲೆಕ್ಕ. ಓಣಿಯ ಬೇರೆ ಯಾರ ಮನೆಯ ಎತ್ತಿಗೂ ಈ ತಗ್ಗು ಇರುತ್ತಿರಲಿಲ್ಲ. ಸಣ್ಣವಳಿದ್ದಾಗ ಕುಡುಗೋಲು ತಾಗಿ ಅವಳ ಹೆಬ್ಬೆರಳು ಸ್ವಲ್ಪ ಸೊಟ್ಟಗಾಗಿತ್ತು. ಹಾಗಾಗಿ ಆ ತಗ್ಗು ನೆಟ್ಟಗೆ ಬೀಳುತ್ತಿರಲಿಲ್ಲ, ಓರೆಯಾಗಿ ಬಲಕ್ಕೆ ವಾಲುತ್ತಿತ್ತು. ಬಲಕ್ಕೆ. ಇದು ನನಗೆ ಸ್ಪಷ್ಟವಾಗಿ ನೆನಪಿದೆ.

ಎರಡು ಸಾವಿರದ ಐದರಲ್ಲಿ ಅವ್ವ ಎತ್ತು ಮಾಡಿ, ಪೂಜೆ ಮುಗಿಸಿ, ಎಲ್ಲರಿಗೂ ಕಡಬು ಬಡಿಸಿ ಮಲಗಿದಳು. ಮರುದಿನ ಎತ್ತುಗಳನ್ನು ಹಳ್ಳಕ್ಕೆ ಬಿಡಬೇಕಾಗಿದ್ದವಳು ಅವಳೇ. ಆ ಮರುದಿನ ಅವಳಿಗೆ ಬೆಳಗಾಗಲೇ ಇಲ್ಲ. ಆಗಲೇ ನೆಲ್ಸನ್ನಿನಲ್ಲಿ ನೆಲೆಸಿದ್ದ ನಾನು ಊರು ಮುಟ್ಟುವ ಹೊತ್ತಿಗೆ ಅವಳನ್ನು ಮಣ್ಣು ಮಾಡಿ ಬಂದಿದ್ದರು. ದೇವರ ಮಾಡದಲ್ಲಿ ಎತ್ತುಗಳು ಹಾಗೇ ನಿಂತಿದ್ದವು. ಯಾರಿಗೂ ಅವುಗಳ ನೆನಪಾಗಿರಲಿಲ್ಲ. ನೆನಪಾದ ಮೇಲೆ ಯಾರಿಗೂ ಮುಟ್ಟುವ ಮನಸ್ಸಾಗಲಿಲ್ಲ.

ಮುಂದಿನ ಫೆಬ್ರವರಿಯಲ್ಲಿ ನಾನೇ ಹೋಗಿ ಅಪ್ಪನನ್ನು ಕರೆತಂದೆ. ಆಕ್ಲೆಂಡ್ ವಿಮಾನ ನಿಲ್ದಾಣದಲ್ಲಿ ಚೀಲ ತಪಾಸಣೆಯ ಮೇಜಿನ ಹತ್ತಿರ ನಾನು ಅವನ ಹಿಂದೆಯೇ ಇದ್ದೆ. ಈ ದೇಶಕ್ಕೆ ಮಣ್ಣು, ಬೀಜ, ಜೇನು ಯಾವುದನ್ನೂ ಬಿಡುವುದಿಲ್ಲ ಎಂದು ವಿಮಾನದಲ್ಲೇ ಹೇಳಿದ್ದೆ. ಅಪ್ಪ ತಲೆ ಆಡಿಸಿದ್ದ. ಮೇಜಿನ ಆಚೆಗಿದ್ದ ಹೆಣ್ಣುಮಗಳು ಕೇಳಿದಳು, "ಎನಿ ಸಾಯಿಲ್, ಸರ್? ಪ್ಲಾಂಟ್ಸ್?"

"ಎಸ್," ಎಂದ ಅಪ್ಪ. "ಒನ್ ಆಕ್ಸ್."

"ಸಾರಿ, ಒನ್ ವಾಟ್?"

ಅಪ್ಪ ಚೀಲ ತೆರೆದು, ಮಡಿ ಧೋತರದ ನಾಲ್ಕು ಸುತ್ತು ಬಿಚ್ಚಿ, ಅವ್ವನ ಎತ್ತನ್ನು ಮೇಜಿನ ಮೇಲೆ ನಿಲ್ಲಿಸಿದ. ಜೋಡಿಯಲ್ಲಿ ಒಂದನ್ನು ಊರಲ್ಲಿ ಬಿಟ್ಟು ಒಂದನ್ನು ತಂದಿದ್ದ. ನನಗೂ ಹೇಳಿರಲಿಲ್ಲ. ಆ ಹೆಣ್ಣುಮಗಳು ಒರಟಾಗಿ ನಡೆದುಕೊಳ್ಳಲಿಲ್ಲ, ಅದನ್ನು ಹೇಳಲೇಬೇಕು. ಬೆರಳ ತುದಿಯಿಂದ ಮುಟ್ಟಿ ನೋಡಿ, ಇದು ಸುಟ್ಟದ್ದಾಗಿದ್ದರೆ ಬಿಡುತ್ತಿದ್ದೆ, ಹಸಿ ಮಣ್ಣನ್ನು ಬಿಡಲು ಬರುವುದಿಲ್ಲ ಎಂದು ನಿಧಾನವಾಗಿ ತಿಳಿಸಿದಳು. ಅಪ್ಪನಿಗೆ ನಾನು ಕನ್ನಡದಲ್ಲಿ ಹೇಳಬೇಕಾಗಲಿಲ್ಲ. ಹಸಿ ಮಣ್ಣಿಗೂ ಸುಟ್ಟ ಮಣ್ಣಿಗೂ ಇರುವ ವ್ಯತ್ಯಾಸವನ್ನು ಅವನು ಜೀವನವಿಡೀ ಪಾಠ ಮಾಡಿದ್ದ. ಎತ್ತಿಗೆ ಕೈ ಮುಗಿದು ಹಿಂದೆ ಸರಿದ. ಅವಳು ಕೈಗವಸು ಹಾಕಿಕೊಂಡು ಎರಡೂ ಕೈಯಿಂದ ಅದನ್ನು ಎತ್ತಿಕೊಂಡು ಹೋದಳು.

ಆಮೇಲೆ ಅಪ್ಪ ಮೂಕನಾದ ಎಂದರೆ ತಪ್ಪಾಗುತ್ತದೆ. ಊಟಕ್ಕೆ ಕರೆದರೆ "ಬಂದೆ" ಎನ್ನುತ್ತಿದ್ದ. ಬಡಿಸಿದರೆ "ಸಾಕು" ಎನ್ನುತ್ತಿದ್ದ. ಅದರಾಚೆಗೆ ಏನೂ ಇಲ್ಲ. ಅವ್ವನ ಹೆಸರು, "ನಿಮ್ಮವ್ವ" ಎಂಬ ಮಾತು, ಒಮ್ಮೆಯೂ ಅವನ ಬಾಯಿಂದ ಬರಲಿಲ್ಲ. ನಾನಾಗಿ ತೆಗೆದರೆ ಎದ್ದು ಕಿಟಕಿಗೆ ಹೋಗಿ ನಿಲ್ಲುತ್ತಿದ್ದ. ನನ್ನ ಹೆಂಡತಿ ಸುಜಾತಾ ಬೇಸಿಗೆಯಿಂದ ಚಳಿಗಾಲದವರೆಗೆ ಎಲ್ಲ ಉಪಾಯ ಮಾಡಿದಳು. ಜೋಳದ ರೊಟ್ಟಿ ತಟ್ಟಿದಳು, ಊರಿಗೆ ಫೋನು ಹಚ್ಚಿ ಕೈಗೆ ಕೊಟ್ಟಳು. ಕೊನೆಗೆ ಒಂದು ದಿನ ನನ್ನೆದುರು ಅಂದಳು, "ಮಾವನವರು ಹಿಂಗ ಒಳಗ ಒಳಗ ಹೋದ್ರ ಒಂದಿನ ಪೂರ್ತಿ ಹೋಗೇ ಬಿಡ್ತಾರ ನೋಡ್ರಿ." ನನಗೂ ಅದೇ ಹೆದರಿಕೆ ಇತ್ತು.

ಉಪಾಯ ಹೊಳೆದದ್ದು ನಮ್ಮ ಒಂಬತ್ತು ವರ್ಷದ ಮಗಳು ಮೇಘಾಳಿಗೆ, ಅದೂ ಉಪಾಯವೆಂದು ತಿಳಿಯದೆ. ಅವಳ ತರಗತಿಯಲ್ಲಿ ಮೊದಲ ನಗರಗಳ ಪಾಠ ನಡೆದಿತ್ತು. ಬೆಳಗಿನ ಸೀರಿಯಲ್ಲಿನ ಖಾಲಿ ಡಬ್ಬಿಗಳನ್ನು ಒಂದರ ಮೇಲೊಂದು ಅಂಟಿಸಿ ಮೆಟ್ಟಿಲು ಮೆಟ್ಟಿಲಿನ ದೇವಸ್ಥಾನ ಕಟ್ಟಿದ್ದರು. ನನ್ನ ಅಜ್ಜನಿಗೆ ಆ ರಾಜರೆಲ್ಲ ಗೊತ್ತು ಎಂದು ಇವಳು ಟೀಚರಿಗೆ ಹೇಳಿದ್ದಳು. ಮಿಸೆಸ್ ಡಾಲ್ಟನ್ ಮನೆಗೆ ಫೋನು ಮಾಡಿದರು. ಅಪ್ಪ ಒಪ್ಪುವುದಿಲ್ಲ ಎಂದು ನಾನು ಹೇಳುವಷ್ಟರಲ್ಲಿ ಅವನು ಕೋಣೆಗೆ ಹೋಗಿ ಪೆಟ್ಟಿಗೆಯಿಂದ ಕರಿ ಕೋಟು ತೆಗೆದು ಕೊಡವಿ ಹ್ಯಾಂಗರಿಗೆ ಹಾಕುತ್ತಿದ್ದ. ಮರುದಿನ ಮನೆಯ ಹಿಂದಿನ ಗುಡ್ಡದ ಕಡಿದ ಬದಿಯಿಂದ ಹಳದಿ ಜೇಡಿಮಣ್ಣನ್ನು ತಾನೇ ಅಗೆದು, ಐಸ್‌ಕ್ರೀಮ್ ಡಬ್ಬಿಗಳಲ್ಲಿ ತುಂಬಿ, ನೀರು ಹಾಕಿ ಮಿದ್ದಿದ.

"ಈ ಮಣ್ಣಿಗೆ ಅಂಟೇ ಇಲ್ಲ," ಎಂದ. ತಿಂಗಳುಗಳಲ್ಲಿ ನಾನು ಅವನಿಂದ ಕೇಳಿದ ಮೊದಲ ಪೂರ್ತಿ ವಾಕ್ಯ ಅದು.

ಶುಕ್ರವಾರ ನಾನು ಡಬ್ಬಿಗಳನ್ನು ಹೊತ್ತುಕೊಂಡು ಅವನ ಜತೆ ಹೋದೆ. ತರಗತಿಯ ಹಿಂದುಗಡೆ ಮಕ್ಕಳ ಒದ್ದೆ ರೇನ್‌ಕೋಟುಗಳು ತೂಗುವ ಗೂಟಗಳ ಹತ್ತಿರ ನನಗೆ ಜಾಗ ಸಿಕ್ಕಿತು. ಅಪ್ಪ ಮುಂದೆ ನಿಂತ. ಕರಿ ಕೋಟು, ಧೋತರ, ಕರಿ ಟೊಪ್ಪಿಗೆ. ಮಕ್ಕಳು ಚಾಪೆಯ ಮೇಲೆ ಕೂತು ಅವನ ಟೊಪ್ಪಿಗೆಯನ್ನೇ ನೋಡುತ್ತಿದ್ದರು. ಅಪ್ಪ ಬಾಯಿ ತೆರೆದ. ಮಾತು ಬರಲಿಲ್ಲ. ಮತ್ತೊಮ್ಮೆ ತೆರೆದ. ಒಬ್ಬ ಕೆಂಪುಗೂದಲಿನ ಪೋರ ಮೇಘಾಳ ಕಡೆ ಬಾಗಿ ಎಲ್ಲರಿಗೂ ಕೇಳುವಂತೆ ಪಿಸುಗುಟ್ಟಿದ.

"ಡಸ್ ಹೀ ಓನ್ಲಿ ಸ್ಪೀಕ್ ಸುಮೇರಿಯನ್?"

"ನೋ, ಕನ್ನಡ," ಎಂದಳು ಮೇಘಾ.

"ಈಸ್ ದ್ಯಾಟ್ ಓಲ್ಡರ್?"

ಅಪ್ಪ ನಕ್ಕ. ನಗುತ್ತಲೇ ಕೋಟಿನ ತೋಳು ಮಡಿಸಿ ನೆಲಕ್ಕೆ ಕೂತ. ಕೂತವನೇ ಸಿಂದಗಿಯ ಕನ್ನಡದಲ್ಲಿ ಪಾಠ ಶುರು ಮಾಡಿದ. "ಹಾಂ, ಎಲ್ಲಾರೂ ಇಲ್ಲಿ ನೋಡ್ರಿ. ಎರಡ ಹೊಳೀ ನಡುವ ಒಂದ ನಾಡ ಇತ್ತು. ಕಲ್ಲ ಇಲ್ಲ, ಕಟಗಿ ಇಲ್ಲ. ಏನದ? ಮಣ್ಣದ." ಮನೆಯಲ್ಲಿ ಒಂದು ಕನ್ನಡ ಪದವನ್ನೂ ಆಡದ ನನ್ನ ಮಗಳು ಎದ್ದು ಅವನ ಪಕ್ಕಕ್ಕೆ ಹೋಗಿ ನಿಂತು ಇಂಗ್ಲಿಷಿಗೆ ತಿರುಗಿಸತೊಡಗಿದಳು. ಅವಳಿಗೆ ಅಷ್ಟೂ ಅರ್ಥವಾಗುತ್ತದೆ ಎಂಬುದು ನನಗೆ ಆ ಗೂಟಗಳ ಕೆಳಗೆ ನಿಂತಾಗ ತಿಳಿಯಿತು.

ಮಕ್ಕಳು ಬಿಲ್ಲೆ ತಟ್ಟಿದರು. ಐಸ್‌ಕ್ರೀಮ್ ಕಡ್ಡಿಯಿಂದ ಎತ್ತಿನ ತಲೆಯ ಚಿತ್ರ ಒತ್ತಿದರು. ಅಪ್ಪ ಒಂದೊಂದನ್ನೇ ಬೆಳಕಿಗೆ ಹಿಡಿದು ನೋಡಿ ವಾಪಸು ಕೊಟ್ಟ. ಬರೆದದ್ದನ್ನು ಅವರು ಮತ್ತೆ ಕರಗಿಸುತ್ತಿದ್ದರು, ಆದರೆ ಒಂದು ದಿನ ಶತ್ರು ರಾಜ ಬಂದು ಅರಮನೆಗೆ ಬೆಂಕಿ ಇಟ್ಟ, ಎಲ್ಲ ಮುಗಿಯಿತು ಅಂದುಕೊಂಡು ಹೋದ, ಒಳಗಿದ್ದ ಹಸಿ ಬಿಲ್ಲೆಗಳು ಆ ಬೆಂಕಿಯಲ್ಲಿ ಸುಟ್ಟು ಗಟ್ಟಿಯಾಗಿ ಇವತ್ತಿನವರೆಗೆ ಉಳಿದವು ಎಂದು ಹೇಳಿದ.

"ಸೋ ದ ಬ್ಯಾಡ್ ಗೈಸ್ ಸೇವ್ಡ್ ಇಟ್?" ಕೆಂಪುಗೂದಲಿನವನ ಪ್ರಶ್ನೆ.

"ಹೌದಪಾ. ಆದ್ರ ಪಾಪ, ಅವರಿಗೆ ಗೊತ್ತಿದ್ದಿಲ್ಲ."

ಇಷ್ಟರಲ್ಲಿ ಅವನ ಕೈ ಸುಮ್ಮನಿರಲಿಲ್ಲ. ಉಳಿದ ಮಣ್ಣಿನಿಂದ ಏನೋ ಮಾಡುತ್ತಿತ್ತು. ನಾಲ್ಕು ಕಾಲು ಬಂದವು, ಇಣಿ ಬಂತು, ಕೊಂಬು ಬಂದವು. ಅಪ್ಪ ಎತ್ತು ಮಾಡಿದ್ದನ್ನು ನಾನು ಹುಟ್ಟಿದಂದಿನಿಂದ ನೋಡಿರಲಿಲ್ಲ. ಅವನು ಪೇಪರು ಓದುವವನು. ಎತ್ತನ್ನು ಅಂಗೈ ಮೇಲೆ ನಿಲ್ಲಿಸಿಕೊಂಡು ಹೆಬ್ಬೆರಳನ್ನು ಕೊರಳ ಹಿಂದೆ ಇಟ್ಟ. ಒತ್ತಿದ. ಅವನ ಹೆಬ್ಬೆರಳು ಸೊಟ್ಟಗಿಲ್ಲ. ಆದರೂ ತಗ್ಗು ಓರೆಯಾಗಿ ಬಿತ್ತು. ಅವ್ವನ ಎತ್ತು ಅಲ್ಲಿ ನಿಂತಿತ್ತು. ನಾನು ಹಿಂದಕ್ಕೆ ಒರಗಿದೆ. ಒಂದು ಒದ್ದೆ ಕೋಟು ನನ್ನ ಕುತ್ತಿಗೆಗೆ ತಾಗಿತು. ಅದರ ತಣ್ಣಗಿನ ನೆನಪು ಈಗಲೂ ಇದೆ.

"ಒಂದ ಎತ್ತಿನಿಂದ ಗಳೆ ಹೊಡ್ಯಾಕ ಆಗೂದಿಲ್ಲ ಯವ್ವಾ," ಅಪ್ಪ ಮೇಘಾಳಿಗೆ ಹೇಳಿದ. "ಇದರ ಜೋಡಿ ನೀ ಮಾಡು." ಅವಳು ಮಾಡಿದ್ದಕ್ಕೆ ಒಂದು ಕಾಲು ಗಿಡ್ಡವಾಯಿತು. ಅಪ್ಪ ಅವಳ ಹೆಬ್ಬೆರಳನ್ನು ಹಿಡಿದು, ಅದರಿಂದಲೇ ಅವಳ ಎತ್ತಿನ ಕೊರಳಿಗೆ ಒತ್ತಿಸಿದ. ಹಾಗೇಕೆ ಮಾಡಿದ ಎಂದು ನನಗೆ ಆಗ ತಿಳಿಯಲಿಲ್ಲ.

ಶಾಲೆಯಲ್ಲಿ ಮಣ್ಣು ಸುಡುವ ಸಣ್ಣ ಭಟ್ಟಿ ಇತ್ತು. ಬಿಲ್ಲೆಗಳ ಜತೆ ಎತ್ತುಗಳನ್ನೂ ಸುಟ್ಟುಕೊಡುತ್ತೇನೆ ಎಂದರು ಮಿಸೆಸ್ ಡಾಲ್ಟನ್. ಬಿಲ್ಲೆಗಳನ್ನು ಕೊಟ್ಟ ಅಪ್ಪ, ಎತ್ತುಗಳನ್ನು ಡಬ್ಬಿಯಲ್ಲಿಟ್ಟು ಮುಚ್ಚಳ ಹಾಕಿ ಮನೆಗೆ ತಂದ. ಭಾನುವಾರ ಪೂಜೆಯಾಯಿತು. ಕಣ್ಣಿಗೆ ಇಡಲು ಇಡೀ ಜೋಳದ ಕಾಳು ಮನೆಯಲ್ಲಿರಲಿಲ್ಲ, ಹಿಟ್ಟಷ್ಟೇ ಇತ್ತು. ಸುಜಾತಾ ಹಕ್ಕಿಗಳಿಗೆ ಹಾಕುವ ಕಾಳಿನ ಪ್ಯಾಕೆಟ್ಟು ತಂದು ಅದರಲ್ಲಿದ್ದ ಜೋಳವನ್ನು ಆರಿಸಿದಳು. ರಾತ್ರಿ ಊಟದಲ್ಲಿ ನಾನು ಮಾತು ತೆಗೆದೆ.

"ಅಪ್ಪಾ, ಟೀಚರು ಇನ್ನೂ ಸುಡ್ತೀನಿ ಅಂತಾರ. ಒಮ್ಮೆ ಕೈ ಬಿಟ್ಟ ಹೋಗ್ಯದ. ಈ ಸಲ ಇಟ್ಟುಕೊಳ್ಳೂಣು."

"ಪ್ಲೀಸ್, ಅಜ್ಜಾ," ಮೇಘಾ ಸೇರಿಸಿದಳು. "ಇಟ್'ಲ್ ಲಾಸ್ಟ್ ಫಾರ್ ಎವರ್."

ಅಪ್ಪ ಕಡಬು ಮುರಿಯುವುದನ್ನು ನಿಲ್ಲಿಸಿ ನಮ್ಮಿಬ್ಬರನ್ನೂ ನೋಡಿದ. "ನಾಳೆ ನೀರಿಗೆ ಹೋಗೂಣು," ಎಂದ. ಶುಕ್ರವಾರ ತೆರೆದ ಬಾಯಿ ಭಾನುವಾರಕ್ಕೆ ಪುನಃ ಮುಚ್ಚಿತು ಎಂದು ನನಗೆ ಕಳವಳವಾಯಿತು. ಎತ್ತು ಹೋದ ಮೇಲೆ ಅವನೂ ಅದರ ಹಿಂದೆ ಒಳಗೆ ಹೋಗಿಬಿಟ್ಟರೆ ಏನು ಮಾಡುವುದೆಂದು ನಾನು ಬಹಳ ಹೊತ್ತು ಯೋಚಿಸಿದೆ.

ಹೀಗೆ ನಾವು ಸೋಮವಾರ ಕಡಲಿಗೆ ಬಂದೆವು. ಸುಜಾತಾಳಿಗೆ ಕೆಲಸವಿತ್ತು, ಬರಲಾಗಲಿಲ್ಲ. ನಾವು ಹಳ್ಳದ ಜನ, ಬಾವಿಯ ಜನ. ನಮ್ಮ ನೀರು ಇದ್ದರೆ ಇದ್ದಲ್ಲೇ ಇರುತ್ತದೆ, ಹರಿದರೆ ಒಂದೇ ಕಡೆಗೆ ಹರಿಯುತ್ತದೆ. ಅಪ್ಪ ನೀರಿನ ಅಂಚಿನಲ್ಲಿ ಎತ್ತುಗಳನ್ನು ನಿಲ್ಲಿಸಿ, ಕೈ ಮುಗಿದು, ಅಲೆ ಬರಲೆಂದು ಕಾದ. ಅಲೆ ಬಂದಿತು, ಎತ್ತಿನವರೆಗೆ ಬರಲಿಲ್ಲ. ಮುಂದಿನದು ಇನ್ನೂ ಹಿಂದೆಯೇ ನಿಂತಿತು. ಅಪ್ಪ ಎತ್ತುಗಳನ್ನು ಡಬ್ಬಿಗೆ ಹಾಕಿಕೊಂಡು ಮುಂದೆ ಹೋಗಿ ಮತ್ತೆ ನಿಲ್ಲಿಸಿದ. ಸಮುದ್ರ ಮತ್ತೆ ಸರಿಯಿತು. ಅಷ್ಟು ವರ್ಷ ನೆಲ್ಸನ್ನಿನಲ್ಲಿದ್ದ ನಾನು ನೀರಿನ ಏರಿಳಿತ ನೋಡಿಕೊಂಡು ಬರಬೇಕು ಎಂದು ಯೋಚಿಸಿರಲಿಲ್ಲ. ಡಬ್ಬಿ ಹಿಡಿದ ಅಪ್ಪ ಮುಂದೆ, ಅವನ ಹಿಂದೆ ಗಂಬೂಟಿನ ಮೇಘಾ, ಅವರಿಬ್ಬರ ಮುಂದೆ ಓಡಿಹೋಗುತ್ತಿರುವ ಸಮುದ್ರ. ನಗಬೇಕೋ ಬೇಡವೋ ತಿಳಿಯದೆ ನಾನು ಚಪ್ಪಲಿ ಹಿಡಿದು ನಿಂತಿದ್ದೆ.

ನಾಯಿಯನ್ನು ಅಡ್ಡಾಡಿಸುತ್ತಿದ್ದ ಒಬ್ಬ ನನ್ನ ಹತ್ತಿರ ನಿಂತ. "ಲಾಸ್ಟ್ ಸಮ್‌ಥಿಂಗ್, ಮೇಟ್?"

"ಟ್ರೈಯಿಂಗ್ ಟು," ಎಂದೆ.

ವಿವರಿಸಿದಾಗ ಅವನು ತಲೆ ಕೆರೆದುಕೊಂಡ. ಅಮಾವಾಸ್ಯೆಯ ಆಸುಪಾಸು ಸಮುದ್ರ ಎಂದಿಗಿಂತ ದೂರ ಹೋಗುತ್ತದೆ, ಕತ್ತಲಾಗುವ ಹೊತ್ತಿಗೆ ತಿರುಗುತ್ತದೆ, ಇಲ್ಲಿ ನೆಲ ಚಪ್ಪಟೆ, ತಿರುಗಿತೆಂದರೆ ಬೇಗ ಬರುತ್ತದೆ ಎಂದ. ಕೆವಿನ್ ಎಂದು ಹೆಸರು ಹೇಳಿದ. ಹೋಗುತ್ತಾನೆ ಅಂದುಕೊಂಡೆ, ಹೋಗಲಿಲ್ಲ.

ತೇಲಿಬಂದು ಬಿದ್ದಿದ್ದ ಒಂದು ಮರದ ದಿಮ್ಮಿಯ ಮೇಲೆ ನಾವು ಕೂತೆವು. ದೂರದಲ್ಲಿ ಒದ್ದೆ ಮರಳಿನ ಮೇಲೆ ಎರಡು ಎತ್ತು. ಒಂದು ನೆಟ್ಟಗೆ, ಒಂದು ಕುಂಟು. ಗಾಳಿ ತಣ್ಣಗಿತ್ತು. ಅಪ್ಪ ರೇನ್‌ಕೋಟಿನ ಅರ್ಧವನ್ನು ಮೇಘಾಳ ಮೇಲೆ ಎಳೆದ. ಆಮೇಲೆ, ನಾವು ಯಾರೂ ಕೇಳದೆ, ಹೇಳಿದ.

"ನಿಮ್ಮವ್ವ ಹ್ವಾದ ವರ್ಷ ನನ್ನ ಕರದ್ಲು. ಹೆಬ್ಬಟ್ಟ ಭಾಳ ನೋಯ್ತದ, ನೊಗದ ಜಾಗಾ ನೀವು ಒತ್ರಿ ಅಂದ್ಲು. ಪೇಪರ್ ಇಟ್ಟ ಎದ್ದ ಹೋದೆ. ಒತ್ತಿದೆ, ನೆಟ್ಟಗ ಬಿತ್ತು. ಬೈದ್ಲು. 'ಇಷ್ಟ ವರ್ಷ ಸಾಲಿ ಕಲಿಸೀರಿ, ಒಂದ ಹೆಬ್ಬಟ್ಟ ಒತ್ತಾಕ ಬರೂದಿಲ್ಲ' ಅಂತ. ಅಳಸಿ, ನನ್ನ ಹೆಬ್ಬಟ್ಟ ಹಿಡಕೊಂಡು ತಾನ ಒತ್ತಿದ್ಲು. ಹಿಂಗ, ಓರೆ." ಮೇಘಾಳ ಮೊಣಕಾಲಿನ ಮೇಲೆ ಒತ್ತಿ ತೋರಿಸಿದ. "ಆ ಎತ್ತಿನ ಮ್ಯಾಲಿದ್ದ ಗುರುತ ನಂದು. ಒತ್ತಿದಾಕಿ ಆಕಿ. ಅದಕ್ಕ ನೀರಿಗೆ ಬಿಡ್ಲಿಲ್ಲ, ಅದಕ್ಕ ತಂದೆ."

ಕೇಳಿದವಳು ಮೇಘಾ. "ದೆನ್ ವೈ ನಾಟ್ ಕೀಪ್ ದಿಸ್ ಒನ್, ಅಜ್ಜಾ?"

ಅಪ್ಪ ಅವಳಿಗೆ ಮಾಸ್ತರನಾಗಿಯೇ ಉತ್ತರ ಕೊಟ್ಟ. "ಶುಕ್ರವಾರ ಏನ್ ಹೇಳೀನಿ? ಉಳದದ್ದು ಯಾವ ಊರಿನ ಮಣ್ಣು? ಸುಟ್ಟ ಊರಿನ ಮಣ್ಣು. ಇದ್ದ ಊರಿನವರು ಕರಗಿಸಿ ಕರಗಿಸಿ ಮತ್ತ ಮಾಡ್ತಿದ್ರು. ನಮ್ಮ ಮನಿ ಏನ್ ಸುಟ್ಟಿಲ್ಲಲ್ಲವ್ವಾ. ಮುಂದಿನ ವರ್ಷ ಮತ್ತ ಮಾಡೂದದ. ನಿನಗ ಒತ್ತಾಕ ಬರ್ತದಲ್ಲ."

ಮತ್ತೆ ಅವನ ಮಾತು ನಿಲ್ಲಲಿಲ್ಲ. ಅವ್ವ ಮದುವೆಯಾಗಿ ಬಂದ ಹೊಸದರಲ್ಲಿ ಅವನ ನಕಾಶೆಯ ಮೇಲೆ ಸಂಡಿಗೆ ಒಣಹಾಕಿದ್ದು, ಯೂಫ್ರೆಟಿಸ್ ನದಿಯ ಮೇಲೆ ಎಣ್ಣೆಯ ಕಲೆ ಆದದ್ದು, ಆ ಕಲೆಯನ್ನೇ ಅವನು ಎಷ್ಟೋ ವರ್ಷ ಮಕ್ಕಳಿಗೆ ನೆರೆಬಂದ ಪ್ರದೇಶವೆಂದು ತೋರಿಸಿದ್ದು. ಮೇಘಾ ನಕ್ಕಳು. ಕೆವಿನ್‌ಗೆ ಏನೂ ತಿಳಿಯದಿದ್ದರೂ ಅವಳು ನಕ್ಕಾಗ ಅವನೂ ನಕ್ಕ. ಹೊತ್ತು ಮುಳುಗಿ ಆಕಾಶ ಕೆಂಪಾಗಿರುವಾಗ ಸಮುದ್ರ ತಿರುಗಿತು. ಮೊದಲ ತೆಳು ನೀರು ಕುಂಟೆತ್ತಿನ ಕಾಲು ಮುಟ್ಟಿತು, ಅದು ಒಂದು ಕಡೆಗೆ ಕೂತಿತು. ಅಪ್ಪನ ಎತ್ತು ಇನ್ನೂ ಸ್ವಲ್ಪ ಹೊತ್ತು ನಿಂತಿತ್ತು. ಒಣಗಿದ ಮಣ್ಣು ನೀರಿಗೆ ಬೇಗ ಬಿಡುತ್ತದೆ. ಕೊನೆಗೆ ಕಂಡದ್ದು ಇಣಿ. ಆಮೇಲೆ ನೀರು ಮಾತ್ರ ಇತ್ತು, ಅದರಲ್ಲಿ ಒಂದು ಹಳದಿ ಮೋಡ.

ಅಪ್ಪ ಆರು ಸಲ ನಮ್ಮ ಮನೆಯಲ್ಲಿ ಎತ್ತು ಮಾಡಿದ. ಏಳನೆಯ ವರ್ಷ ಅವನಿರಲಿಲ್ಲ. ಕಿಟಕಿಯ ಬಿಲ್ಲೆ ಮೇಘಾ ಶಾಲೆಯಲ್ಲಿ ಬರೆದದ್ದು. ಅಂಚಿನ ಗುರುತು, ಬೆಳಕಿಗೆ ಹಿಡಿದು ನೋಡಿ ವಾಪಸು ಕೊಟ್ಟ ಅಪ್ಪನದು. ಬೆಂಕಿ ಅದನ್ನು ಉಳಿಸಿದೆ.

ಮೇಘಾ ಈಗ ವೆಲ್ಲಿಂಗ್ಟನ್ನಿನಲ್ಲಿ ಸರಕಾರಿ ಕಚೇರಿಯೊಂದರಲ್ಲಿ ಕೆಲಸದಲ್ಲಿದ್ದಾಳೆ. ಬಿಲ್ಲೆ ಸಿಂಕಿಗೆ ಬಿದ್ದ ಸಂಜೆ ಅವಳಿಗೆ ಫೋನು ಮಾಡಿದೆ. ಫ್ಲಾಟ್‌ಮೇಟ್ ಜತೆ ಮಣ್ಣು ಕಲಸುತ್ತಿದ್ದೇನೆ, ಈ ವರ್ಷದ ಅಮಾವಾಸ್ಯೆ ನಾಳೆಯೇ ತಾನೆ ಎಂದು ಇಂಗ್ಲಿಷಿನಲ್ಲಿ ಕೇಳಿದಳು. ಹೌದೆಂದೆ. ನನಗೆ ಗೊತ್ತಿರುವುದನ್ನು ಹೇಳಿಬಿಡೋಣವೆಂದು, "ನೊಗದ ಜಾಗಾ ನೆನಪದ ಅಲ್ಲ? ಓರೆ ಇರಬೇಕು. ಬಲಕ್ಕ," ಎಂದೆ.

"ನೋ, ಅಪ್ಪಾ," ಎಂದಳು. ಸ್ವಲ್ಪ ತಡೆದಳು, ಬೆರಳಿನಿಂದ ಏನನ್ನೋ ಒತ್ತಿ ನೋಡುವವಳ ಹಾಗೆ. "ಎಡಕ್ಕ."

ಫೋನಿಟ್ಟು ಯೋಚಿಸಿದೆ. ಅವಳು ಹೇಳಿದ್ದು ಸರಿ. ನಾನು ಚಿಕ್ಕಂದಿನಿಂದ ಅವ್ವನ ಎದುರಿಗೆ ಕೂತು ನೋಡಿದವನು, ತರಗತಿಯಲ್ಲೂ ಎದುರಿಗೇ ನಿಂತವನು. ಎದುರಿಗಿದ್ದವರಿಗೆ ಎಡ ಬಲವಾಗಿ ಕಾಣುತ್ತದೆ. ಆದ್ದರಿಂದ ಮೇಲೆ ನಾನು ಬರೆದದ್ದನ್ನು ಓದುಗರು ತಿದ್ದಿಕೊಳ್ಳಬೇಕು.

ಆ ಸೋಮವಾರ ಎತ್ತು ನೀರಿಗೆ ಹೋದದ್ದನ್ನು ಕಣ್ಣಾರೆ ಕಂಡವರಲ್ಲಿ ಅಪ್ಪ ಈಗ ಇಲ್ಲ. ನಾಯಿ ಇಲ್ಲ. ಕೆವಿನ್ ಇದ್ದಾನೆ, ಮೊಣಕಾಲು ನೋವು, ಆದರೂ ದಂಡೆಗೆ ಬರುತ್ತಾನೆ, ಕೇಳಿದರೆ ಎರಡು ಎತ್ತಿದ್ದವು ಎಂದು ಹೇಳುತ್ತಾನೆ. ನಾನಿದ್ದೇನೆ, ಚಪ್ಪಲಿ ಹಿಡಿದು ದೂರ ನಿಂತಿದ್ದವನು. ಮತ್ತೆ ಮೇಘಾ ಇದ್ದಾಳೆ.